ಮರಳನ್ನು ಸರಿಸುವ ಮುನ್ನ

ಪುರಾತತ್ತ್ವಜ್ಞನೆಂದರೆ ನೆಲ ಅಗೆದು ನಿಧಿ ತೆಗೆಯುವವನೆಂಬ ಭಾವನೆ ನಮ್ಮಲ್ಲಿ ಇನ್ನೂ ಉಳಿದಿದೆ. ತಲಕಾಡಿನಲ್ಲಂತೂ ಅಲಮೇಲಮ್ಮನ ಶಾಪದ ಕಥೆ ಅದಕ್ಕೆ ಒತ್ತಾಸೆಯಾಗಿದೆ. ಗಂಗರ ಶಾಸನಗಳ ಬೆನ್ನುಹತ್ತಿ ಆ ಊರಿಗೆ ಹಲವು ಸಲ ಹೋಗಿಬಂದ ನಾನು ಕಂಡ ಪುರಾತತ್ತ್ವಜ್ಞರು ಅಗೆದದ್ದಕ್ಕಿಂತ ಅಳೆದದ್ದು, ಬರೆದಿಟ್ಟದ್ದು, ಕಾದದ್ದೇ ಹೆಚ್ಚು.

ಕೀರ್ತಿನಾರಾಯಣ ದೇವಾಲಯವನ್ನೇ ನೋಡಿ. ಚೋಳರನ್ನು ಗೆದ್ದು ‘ತಲಕಾಡುಗೊಂಡ’ನೆನಿಸಿದ ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಕಟ್ಟಿಸಿದ ಗುಡಿಯದು. ಶಿಥಿಲವಾಗಿದ್ದ ಅದನ್ನು ನಮ್ಮ ಕಾಲದಲ್ಲಿಯೇ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಕಳಚಿ ಮರಳಿ ಕಟ್ಟಿತು. ಇಂತಹ ಕಾರ್ಯದಲ್ಲಿ ಒಂದೊಂದು ಕಲ್ಲಿಗೂ ಸಂಖ್ಯೆ ಬೀಳಬೇಕು, ನಕ್ಷೆಯಲ್ಲಿ ಅದರ ಸ್ಥಾನ ಗುರುತಾಗಬೇಕು. ಗುಡಿ ಎದ್ದು ನಿಂತ ಮೇಲೆ ಆ ಸಂಖ್ಯೆ ಬರೆದ ಕೈಯನ್ನು ಯಾರೂ ಕೇಳುವುದಿಲ್ಲ.

ನನ್ನಂತಹ ಶಾಸನಾಭ್ಯಾಸಿಗೆ ಈ ಬರೆದಿಡುವ ಕೆಲಸದಲ್ಲಿ ಸ್ವಾರ್ಥವೂ ಇದೆ. ಬಿ.ಎಲ್. ರೈಸ್ ಬೆಳಕಿಗೆ ತಂದ ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಜೆ.ಎಫ್. ಫ್ಲೀಟ್ ವಾದಿಸಿದರು; ಆ ಜಗಳದ ಬಿಸಿ ಇಂದಿಗೂ ಪೂರ್ತಿ ಆರಿಲ್ಲ. ತಾಮ್ರಪಟ ಸುಳ್ಳಾಡಬಹುದು. ಅದನ್ನು ಒರೆಹಚ್ಚಲು ರಾಜಧಾನಿಯ ನೆಲವೇ ಬೇಕು. ನೆಲದ ಸಾಕ್ಷ್ಯವಿರುವುದು ಪದರಗಳಲ್ಲಿ. ಯಾವ ಮಡಕೆಚೂರು ಯಾವ ಪದರದ್ದೆಂಬುದು ಒಮ್ಮೆ ಕಳೆದರೆ ಚೂರು ಉಳಿಯುತ್ತದೆ, ಕಾಲ ಉಳಿಯುವುದಿಲ್ಲ.

ಮರಳೂ ಒಂದು ಪದರವೇ. ಮಾಧವಮಂತ್ರಿ ಕಟ್ಟೆಯಿಂದ ಕಾವೇರಿಯ ಹರಿವು ಬದಲಾದದ್ದೇ ಈ ದಿಬ್ಬಗಳ ಮೂಲವೆಂದು ವಿಜ್ಞಾನಿ ಕೆ.ಎನ್. ಗಣೇಶಯ್ಯನವರು ಪ್ರತಿಪಾದಿಸಿದ್ದಾರೆ. ಅದನ್ನು ಪರೀಕ್ಷಿಸಲೂ ಮರಳು ಇದ್ದಲ್ಲಿಯೇ ಇರಬೇಕು. ಪಂಚಲಿಂಗ ದರ್ಶನ ಬಂದಾಗ—2009, 2013, 2020ರಲ್ಲಿ ಬಂದಿತ್ತು—ಗುಡಿಗಳ ದಾರಿ ತೆರೆಯಬೇಕಾಗುತ್ತದೆ. ಭಕ್ತನಿಗೆ ಅಡ್ಡಿಯಾದ ಮರಳು ಪುರಾತತ್ತ್ವಜ್ಞನಿಗೆ ಇನ್ನೂ ಓದದ ಪುಟ. ದರ್ಶನ ನಿಲ್ಲಲಿ ಎಂದು ನಾನು ಹೇಳಲಾರೆ. ಸಲಿಕೆಗೆ ಮೊದಲು ಅಳತೆಪಟ್ಟಿ ಇಳಿಯಲಿ ಎಂದಷ್ಟೇ ನನ್ನ ಹಠ.

ವರದಿಯೂ ಈ ವೃತ್ತಿಯ ಭಾಗವೇ. ಹತ್ತಿರದ ತಿ. ನರಸೀಪುರದಲ್ಲಿ ಎಂ. ಶೇಷಾದ್ರಿಯವರು 1959ರಿಂದ 1965ರ ನಡುವೆ ನವಶಿಲಾಯುಗದ ನೆಲೆಯನ್ನು ಅಗೆಸಿದರು. ವರದಿ ಅಚ್ಚಾದದ್ದು 1971ರಲ್ಲಿ. ಆರು ವರ್ಷ ತಡವೆನ್ನುವವರು ಅಚ್ಚೇ ಆಗದ ವರದಿಗಳನ್ನು ನೆನೆಯಲಿ.

ಕೆಲವು ವರ್ಷಗಳ ಹಿಂದೆ ಎಂ.ಎ. ಮುಗಿಸಿದ ವಿದ್ಯಾರ್ಥಿನಿಯೊಬ್ಬಳು, “ಸರ್, ಇದರಲ್ಲಿ ಹೊಟ್ಟೆ ತುಂಬೀತೇ?” ಎಂದು ಕೇಳಿದಳು. ಅಮೆರಿಕದಲ್ಲಿ 1966ರ ಕಾಯಿದೆಯಿಂದಾಗಿ, ಕೇಂದ್ರ ಸರ್ಕಾರದ ಹಣ ಅಥವಾ ಅನುಮತಿ ಬೇಕಾದ ರಸ್ತೆ, ಅಣೆಕಟ್ಟುಗಳಿಗೆ ಮುನ್ನ ಪರಂಪರೆಯ ಪರಿಶೀಲನೆ ನಡೆಯಲೇಬೇಕು. ಅಲ್ಲಿನ ಬಹುಪಾಲು ಪುರಾತತ್ತ್ವಜ್ಞರಿಗೆ ಅದೇ ಅನ್ನ. ನಮ್ಮಲ್ಲಿ 1958ರ ಕಾಯಿದೆ, ಅದರ 2010ರ ತಿದ್ದುಪಡಿಗಳು ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರನ್ನು ನಿಷೇಧಿತವೆಂದೂ ಅದರಾಚೆಯ 200 ಮೀಟರನ್ನು ನಿಯಂತ್ರಿತವೆಂದೂ ಮಾಡಿವೆ. ಗದ್ದೆಯ ನಡುವಿನ ಹೆಸರಿಲ್ಲದ ದಿಬ್ಬಕ್ಕೆ ಆ ಕಾವಲಿಲ್ಲ, ಆಕೆಗೆ ಆ ಕೆಲಸವಿಲ್ಲ. ಮೋಜಣಿ ಕಲಿ, ನಕ್ಷೆ ಬರೆ, ಹಳಗನ್ನಡ ಲಿಪಿ ಬಿಡಬೇಡ ಎಂದೆ.

ಈಗಲೂ ಆಕೆ ನೇಮಕಾತಿಯ ಪ್ರಕಟಣೆಗೆ ಕಾಯುತ್ತಿದ್ದಾಳೆ. ಈಚೆಗೆ ಮನೆಗೆ ಬಂದಾಗ ಮಾಲಂಗಿ ಕಡೆಯ ಹೊಲಗಳ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿದಳು. ಮಡಕೆಚೂರು ಕಂಡ ಬದುಗಳಿಗೆಲ್ಲ ಕೆಂಪು ಚುಕ್ಕೆ ಇಟ್ಟಿದ್ದಳು, ದಿನಾಂಕ ಸಮೇತ.