ಕನ್ನಡಿಯೊಳಗಿನ ಬಣ್ಣ

ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಹೆಸರಾದುದು. ಅದರ ಹಲಗೆಗಳ ಮೇಲೆ ಬಾಲಕೃಷ್ಣನ ಲೀಲೆಗಳೂ ರಾಮಾಯಣದ ಪ್ರಸಂಗಗಳೂ ಮೆರೆಯುತ್ತವೆ. ಆ ತಾಲೂಕಿನ ಮಿಶ್ರಿಕೋಟಿಯಲ್ಲಿ ಇಂಥ ತೊಟ್ಟಿಲ ಭಾಗ್ಯವುಳ್ಳ ಕೂಸು ಕಣ್ದೆರೆದು ನೋಡುವ ಮೊದಲನೆಯ ಮುಖ ತಾಯಿಯದು. ಆಮೇಲೆ ಈ ದೇವರುಗಳವು. ತನ್ನ ಮುಖವನ್ನು ಅದು ಕಾಣುವದು ತೀರ ತಡವಾಗಿ.

ಆ ಕೂಸು ಬೆಳೆದು ಶಾಲೆಗೆ ಹೋದಾಗ, "ನಿನ್ನ ಚಿತ್ರವನ್ನು ನೀನೇ ತೆಗೆ" ಎಂದು ಮಾಸ್ತರರು ಹೇಳಿದರೆ ಏನಾಗುವದೆಂಬುದನ್ನು ಎಣಿಸಬಹುದು. ಹುಡುಗಿ ಕನ್ನಡಿಯನ್ನು ಬೇಡುವದಿಲ್ಲ. ದುಂಡು ಮುಖ, ಎರಡು ಜಡೆ, ಹಣೆಗೆ ಕುಂಕುಮ; ಬಳಿಕ ಡಬ್ಬಿಯಿಂದ ತಿಳಿಗುಲಾಬಿಯ ಕಡ್ಡಿಯನ್ನೆತ್ತಿ ಕೆನ್ನೆಗೆ ತೀಡುತ್ತಾಳೆ. ತೀಡುವ ಕೈ ಮಾತ್ರ ಎರೆಮಣ್ಣಿನ ಬಣ್ಣದ್ದು. ಅವಳು ಸುಳ್ಳು ಬರೆದಳೆನ್ನಲಾಗದು. ಮೈಬಣ್ಣವೆಂದರೆ ಇದೇ ಎಂದು ಡಬ್ಬಿಯೇ ಅವಳಿಗೆ ಕಲಿಸಿತು. ಇಂಥ ಕಡ್ಡಿಗೆ 'ಸ್ಕಿನ್' ಎಂಬ ಹೆಸರನ್ನೊತ್ತಿ ಮಾರುತ್ತಿದ್ದುದನ್ನು 2010ರ ದಶಕದಲ್ಲಿ ಬೆಂಗಳೂರಿನ ಕಾನೂನು ವಿದ್ಯಾರ್ಥಿಯೊಬ್ಬನು ಗ್ರಾಹಕರ ನ್ಯಾಯಾಲಯಕ್ಕೆ ಒಯ್ದನು. ಅಮೆರಿಕೆಯಲ್ಲಿ ಕ್ರಯೋಲಾ ಕಂಪನಿಯವರು ಅಂಥದೇ ಹೆಸರೊಂದನ್ನು 1962ರಲ್ಲಿಯೇ ಕೈಬಿಟ್ಟಿದ್ದರು.

ಇದು ಬರಿಯ ಮಕ್ಕಳಾಟವಲ್ಲ. ಅಮೆರಿಕೆಯ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿಗಳು 1940ರ ಸುಮಾರಿಗೆ ಅಲ್ಲಿಯ ಕಪ್ಪುಜನರ ಮಕ್ಕಳಿಗೆ ಬರಿಗೆರೆಯ ಚಿತ್ರವನ್ನೂ ಬಣ್ಣಗಳನ್ನೂ ಕೊಟ್ಟು, ನಿಮ್ಮ ಮೈಬಣ್ಣವನ್ನು ತುಂಬಿರೆಂದರು. ಹಲವು ಮಕ್ಕಳು ತಮಗಿಂತ ತಿಳಿಯಾದ ಬಣ್ಣವನ್ನು ಹಚ್ಚಿದರು. ಕೆಲವರು ಮನುಷ್ಯರಿಗೆ ಇಲ್ಲದ ಬಣ್ಣವನ್ನೇ ಹಚ್ಚಿದರು! ಕಪ್ಪುಜನರ ಶಾಲೆ, ಬಿಳಿಯರ ಶಾಲೆ ಎಂಬ ಭೇದವನ್ನು ತೊಡೆದ 1954ರ ತೀರ್ಪಿನಲ್ಲಿ ಕ್ಲಾರ್ಕರ ಬರೆಹವೂ ಉಲ್ಲೇಖಗೊಂಡಿತು.

ಕನ್ನಡಕ್ಕೆ ಈ ವಿಷಯದಲ್ಲಿ ಬಡತನವಿಲ್ಲ. ಎಣ್ಣೆಗೆಂಪು, ಎಣ್ಣೆಗಪ್ಪು, ಗೋದಿಗೆಂಪು, ಸಾದಗಪ್ಪು ಎಂದು ಎಷ್ಟೊಂದು ನುಡಿಗಳು! ಹೆಣ್ಣು ನೋಡುವ ಹೊತ್ತಿಗೇ ಅವು ಹೆಚ್ಚಾಗಿ ನೆನಪಾಗುವದು ದುರ್ದೈವ. ಅಳೆಯುವ ಈ ಮಾತುಗಳನ್ನು ನೋಡುವ ಮಾತುಗಳನ್ನಾಗಿ ತಿರುಗಿಸಲು ಚಿತ್ರದ ತಾಸಿಗಿಂತ ತಕ್ಕ ಸ್ಥಳವಿಲ್ಲ.

ಬಗೆ ಕಷ್ಟದ್ದಲ್ಲ. ಡಬ್ಬಿಯನ್ನು ಬದಿಗಿಟ್ಟು ಕೆಮ್ಮಣ್ಣು, ಅರಿಷಿಣ, ಇದ್ದಿಲಪುಡಿ, ಖಡುವಿನ ಪುಡಿ ಇವನ್ನು ನೀರಿನಲ್ಲಿ ಕಲಸಲು ಕೊಡಬೇಕು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಬೆರಳುಗಳಿಗೆ ಇದು ಹೊಸದಲ್ಲ. ಕಲಸಿದ ಬಣ್ಣದ ಚುಕ್ಕೆಯೊಂದನ್ನು ಮುಂಗೈಗೆ ಹಚ್ಚಿ ಒಣಗಿಸಬೇಕು. ಚುಕ್ಕೆ ಮೈಯಲ್ಲಿ ಮರೆಯಾದರೆ ಬಣ್ಣ ಸರಿಯಾಯಿತು. ಅದಕ್ಕೆ ಹೆಸರನ್ನು ಮಗುವೇ ಇಡಲಿ: ಹುರಿದ ಶೇಂಗಾ, ಹಳೆಯ ಬೆಲ್ಲ, ಸುಟ್ಟ ಇಟ್ಟಂಗಿ. ಕನ್ನಡಿ ಬರುವದು ಆಮೇಲೆ. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರನು 1484ರಲ್ಲಿ ಹದಿಮೂರರ ಹುಡುಗನಾಗಿದ್ದಾಗ ಕನ್ನಡಿ ನೋಡಿ ತನ್ನ ಚಿತ್ರವನ್ನು ತೆಗೆದನು. ಮುಂದೆ ಅದೇ ಹಾಳೆಯ ಮೇಲೆ, ತಾನಿನ್ನೂ ಮಗುವಾಗಿದ್ದಾಗ ಬರೆದದ್ದೆಂದು ಅಕ್ಷರದಲ್ಲಿ ನಮೂದಿಸಿದನು.

ಉಳಿದ ತೊಡಕು ಮನೆಯದು. ಚಿತ್ರವನ್ನು ಕಂಡು ಅಜ್ಜಿ, "ಯವ್ವಾ, ಇಷ್ಟ್ಯಾಕ ಕರ್ರಗ ಬರಕೊಂಡೀ?" ಎಂದರೆ ತಾಸಿನ ದುಡಿಮೆಯೆಲ್ಲ ಹೊಳೆಯ ಪಾಲು. ಹೆಸರಿನಲ್ಲಿಯೇ ಕಪ್ಪನ್ನು ಹೊತ್ತ ಕೃಷ್ಣನನ್ನೂ ನೀಲಿ ಬಳಿದು ಪೂಜಿಸಿದ ಮನೆಯಲ್ಲವೇ ಅದು! ಆದುದರಿಂದ ಚಿತ್ರಗಳನ್ನು ಶಾಲೆಯ ಗೋಡೆಗೆ ಹಚ್ಚಿದ ದಿನ ಅಜ್ಜಿಯರನ್ನೂ ಕರೆಯಿಸಿ, ಹೆಸರುಗಳನ್ನು ಮುಚ್ಚಿ, ತಂತಮ್ಮ ಮೊಮ್ಮಕ್ಕಳನ್ನು ಹುಡುಕಲು ಹೇಳಬೇಕು.