ಹಿಂಗಾರಿನ ಈಜು

ಅವಿನಾಶಿ ಕಡೆಯ ನಮ್ಮೂರಲ್ಲಿ ಆಟಗಳಿಗೂ ಒಂದು ಪಂಚಾಂಗವಿತ್ತು. ಆಷಾಢದಲ್ಲಿ ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿಗೆ ಗಾಳಿಪಟ; ಪೊಂಗಲ್ ಸುಮಾರಿಗೆ ಕಾಂಗೇಯಂ ಎತ್ತುಗಳ ರೇಕ್ಲಾ ಓಟ; ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದಲ್ಲಿ ಕ್ರಿಕೆಟ್. ನಾವು ಹುಡುಗರೆಲ್ಲ ಕಾಯುತ್ತಿದ್ದದ್ದು ಮಾತ್ರ ಹಿಂಗಾರಿಗೆ. ಘಟ್ಟದ ಮಳೆನೆರಳಿನ ಸೀಮೆ ನಮ್ಮದು. ಮುಂಗಾರು ಹನಿ ಉದುರಿಸಿ ಹೋಗುತ್ತಿತ್ತು. ಬಾವಿ ತುಂಬಬೇಕಾದರೆ ಅಕ್ಟೋಬರ್, ನವೆಂಬರ್ ಮಳೆಯೇ ಬರಬೇಕು.

ನೇಕಾರರ ಬೀದಿಯ ದೇವಾಂಗ ಮಕ್ಕಳಿಗೆ ಮನೆಯೊಳಗೆ ಕನ್ನಡ, ಬೀದಿ ದಾಟಿದರೆ ತಮಿಳು. ಗೌಂಡರ ತೋಟದ ಬಾವಿಯಲ್ಲಿ ಎರಡರಲ್ಲೂ ಕೂಗಾಟ. ಕಲಿಯುವವನ ಸೊಂಟಕ್ಕೆ ಹಗ್ಗ, ಬೆನ್ನಿಗೆ ಒಣಗಿದ ಸೋರೆಬುರುಡೆ. ಚಿಕ್ಕಪ್ಪ ಮಗ್ಗದ ಗುಂಡಿಯಿಂದ ಎದ್ದು ಬಂದು, ಮಾತಿಗೆ ಎಳೆದು, ನಡುವೆ ನೀರಿಗೆ ತಳ್ಳಿಬಿಡುತ್ತಿದ್ದರು. ಬುರುಡೆ ಬಿಚ್ಚಿದ ಮೇಲೆ ಪಂದ್ಯಗಳು ಶುರು: ಪಂಪ್‌ಮನೆ ಸೂರಿನಿಂದ ಹಾರಬೇಕು, ತಳ ಮುಟ್ಟಿ ಹಿಡಿಮಣ್ಣು ತಂದು ತೋರಿಸಬೇಕು. ನೀರು ಕದಡಿತೆಂದು ಗೌಂಡರು ಬೈಯುತ್ತಿದ್ದರು. ಮರುದಿನ ಅವರ ಮಗನೇ ಮೊದಲು ಹಾರುತ್ತಿದ್ದ.

ಆ ಬಾವಿಗಳು ಒಂದೇ ವರ್ಷದಲ್ಲಿ ಬತ್ತಲಿಲ್ಲ. ಬೋರ್‌ವೆಲ್‌ಗಳು ಅಂತರ್ಜಲವನ್ನು ಆಳಕ್ಕೆ ಎಳೆದವು. ಮಳೆಯೂ ಹದ ತಪ್ಪಿತು. ಬಂದರೆ ಒಂದೇ ರಾತ್ರಿ ಸುರಿದು ಕೊಚ್ಚಿ ಹೋಗುವುದು, ಇಲ್ಲವಾದರೆ ವಾರಗಟ್ಟಲೆ ಇಲ್ಲ. 2016ರಲ್ಲಿ ತಮಿಳುನಾಡಿಗೆ ಹಿಂಗಾರು ಮಳೆ ಶೇ. 62ರಷ್ಟು ಕಡಿಮೆಯಾಯಿತು, ಮುಂದಿನ ಜನವರಿಯಲ್ಲಿ ಎಲ್ಲ ಜಿಲ್ಲೆಗಳೂ ಬರಪೀಡಿತವೆಂದು ಘೋಷಣೆಯಾದವು. ಅದೇ 2016ರ ಬೇಸಿಗೆಯಲ್ಲಿ ಮಹಾರಾಷ್ಟ್ರದ ಬರಗಾಲದಿಂದಾಗಿ, ಬಾಂಬೆ ಹೈಕೋರ್ಟ್ ಆದೇಶದಂತೆ ಮೇ ತಿಂಗಳ ಐಪಿಎಲ್ ಪಂದ್ಯಗಳು ರಾಜ್ಯ ಬಿಟ್ಟು ಹೊರಟಿದ್ದವು. ದೊಡ್ಡವರ ಆಟಕ್ಕೆ ಬೇರೆ ಊರು ಸಿಕ್ಕಿತು. ಬಾವಿಯ ಆಟಕ್ಕೆ ಯಾವ ಊರು ಸಿಗಬೇಕು? ಕೆರೆಯಂಗಳದ ಕ್ರಿಕೆಟ್ಟೂ ಈಗ ಬಿಸಿಲಿಗೆ ಹೆದರಿ ಸಂಜೆಗೆ ಸರಿದಿದೆ.

2024ರ ಆಗಸ್ಟ್‌ನಲ್ಲಿ ಅತ್ತಿಕಡವು–ಅವಿನಾಶಿ ಯೋಜನೆ ಉದ್ಘಾಟನೆಯಾಯಿತು. ಭವಾನಿಯ ಹೆಚ್ಚುವರಿ ನೀರನ್ನು 1,045 ಕೆರೆಕುಂಟೆಗಳಿಗೆ ಹರಿಸುವ ಯೋಜನೆ ಅದು. ಸುದ್ದಿ ಕೇಳಿ ಬೀದಿಯ ಹಳೆಯ ಗೆಳೆಯರೆಲ್ಲ ಫೋನಿನಲ್ಲಿ ಸೇರಿದೆವು. ಹರಟೆ ಬಾವಿಯಿಂದ ಶುರುವಾಗಿ ಮೊಮ್ಮಕ್ಕಳ ಮೇಲೆ ಬಂದು ನಿಂತಿತು: ಅವರಲ್ಲಿ ಒಬ್ಬರಿಗೂ ಈಜು ಬಾರದು. ಈಜು ಅರಿಯದ ಮಕ್ಕಳಿರುವ ಊರಿಗೆ ತುಂಬಿದ ಕೆರೆ ಎಂದರೆ ಭಯವೇ. ನೀರು ತರುವ ಕೆಲಸ ಸರ್ಕಾರದ್ದಿರಬಹುದು; ಹಗ್ಗ ಹಿಡಿದು ದಡದಲ್ಲಿ ನಿಲ್ಲುವ ಕೆಲಸ ನಮ್ಮ ತಲೆಮಾರಿನದು.