ಅಪ್ಪನ ಗಾಡಿ, ಭಾಗ 4: ಏರ್ ತೆಗೆಯೋದು

ಬಾಡಿಗೆ ಗಾಡಿಗೆ ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ವರ್ಷಕ್ಕೆ 30 ಪರ್ಸೆಂಟ್ ಸವಕಳಿ. ಹತ್ತು ವರ್ಷ ಕಳೆದ್ರೆ 100 ರೂಪಾಯಲ್ಲಿ 3 ರೂಪಾಯಿನೂ ಉಳಿಯಲ್ಲ. ನಮ್ಮಪ್ಪನ ಪಿಕಪ್ ಅದಕ್ಕಿಂತ ಹಳೇದು. ಆದ್ರೆ ನನ್ನ ಬಿಕಾಂ ಫೀಸ್ ಬರೋದು ಅದರಿಂದ್ಲೇ. ಟೊಮೆಟೊ ಸೀಸನ್ನಲ್ಲಿ ಒಂದು ಬೆಳಗ್ಗೆ ಅದು ಸ್ಟಾರ್ಟ್ ಆಗದಿದ್ರೆ ಕೋಲಾರ ಮಂಡಿ ಹರಾಜು ನಮಗೋಸ್ಕರ ಕಾಯಲ್ಲ.

ಅದಕ್ಕೇ ಡೀಸೆಲ್ ಫಿಲ್ಟರ್ ನಾವೇ ಬದಲಾಯಿಸ್ತೀವಿ. ಫಿಲ್ಟರ್ ಹಾಕೋದು ಸುಲಭ, ಆಮೇಲೆ ಏರ್ ತೆಗೆಯೋದೇ ಕೆಲಸ. ಡೀಸೆಲ್ ಒತ್ತಿದ್ರೆ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ಲೈನಲ್ಲಿ ಗುಳ್ಳೆ ಇದ್ರೆ ಪಂಪ್ ಎಷ್ಟು ಒತ್ತಿದ್ರೂ ನಾಜಲ್ ತೆರೆಯಲ್ಲ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸ್ವಲ್ಪ ಸಡಿಲ ಮಾಡಿ, ಹ್ಯಾಂಡ್ ಪ್ರೈಮರ್ ಒತ್ತುತ್ತಾ ಇರಿ. ಮೊದಲು ನೊರೆ ಬರುತ್ತೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ, ಒತ್ತುತ್ತಿರುವಾಗಲೇ ಸ್ಕ್ರೂ ಟೈಟ್ ಮಾಡಿ. ಕೆಳಗೆ ಬಟ್ಟೆ ಇಡಿ, ಇಲ್ಲಾಂದ್ರೆ ಮೂರು ದಿನ ಕ್ಲಾಸಲ್ಲಿ ಯಾರೂ ಪಕ್ಕ ಕೂರಲ್ಲ 😅

(ಅಪ್ಪ ಇವತ್ತಿಗೂ ಅಂಗಡೀಲಿ ಕೇಳೋದು "ಮೈಕೊ ಪಂಪ್" ಅಂತಾನೇ. ಬೆಂಗಳೂರಿನ ಆಡುಗೋಡಿ ಫ್ಯಾಕ್ಟರಿಯ ಹಳೇ ಹೆಸರು. ಕಂಪನಿ 2008ರಲ್ಲೇ ಬಾಷ್ ಆಯ್ತು.)

ಗಮನಿಸಿ, ಇದು ಹಳೇ ಮೆಕ್ಯಾನಿಕಲ್ ಪಂಪ್ ಗಾಡಿಗೆ ಮಾತ್ರ. ಇಂಜಿನ್ ಓಡ್ತಿರುವಾಗ ಯಾವ ಗಾಡೀಲೂ ಇಂಜೆಕ್ಟರ್ ಪೈಪ್ ಹತ್ರ ಕೈ ಬೇಡ. ಕಾಮನ್ ರೈಲಲ್ಲಂತೂ ಪ್ರೆಶರ್ 1000 ಬಾರ್ ದಾಟಬಹುದು, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಸೂಜಿ ಚುಚ್ಚಿದಷ್ಟೇ ಕಂಡ್ರೂ ಸೀದಾ ಆಸ್ಪತ್ರೆಗೆ ಹೋಗಿ.

ಮುಂದಿನ ಭಾಗದಲ್ಲಿ: ಮಳೆಗಾಲದಲ್ಲಿ ಫಿಲ್ಟರ್ ತಳದಲ್ಲಿ ನಿಲ್ಲೋ ನೀರು.